ರೆಕ್ಕೆ ಹಿಡಿತ ಬಿಡುವ ಹೊತ್ತು: ಸಣ್ಣ ವಿಮಾನಗಳ ನಿಧಾನ ಹಾರಾಟದ ಪಾಠ

ಸ್ಟಾಲ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರ ತಲೆಗೆ ಬರುವುದು ಬೈಕು. ಕ್ಲಚ್ ಬೇಗ ಬಿಟ್ಟೆವು, ಇಂಜಿನ್ ಆಫ್ ಆಯ್ತು, ಅದೇ ಸ್ಟಾಲ್. ವಿಮಾನದ ಸ್ಟಾಲ್ ಅದಲ್ಲ. ಇಂಜಿನ್ ಪೂರ್ತಿ ಜೋರಾಗಿ ಓಡುತ್ತಿರುವಾಗಲೂ ವಿಮಾನ ಸ್ಟಾಲ್ ಆಗಬಹುದು. ಇಂಜಿನ್ ನಿಂತುಹೋದ ವಿಮಾನ ಸ್ಟಾಲ್ ಆಗದೆ ಸಲೀಸಾಗಿ ಜಾರಿಕೊಂಡು ಬಂದು ಇಳಿಯಲೂಬಹುದು. ಇಲ್ಲಿ ಕೈಕೊಡುವುದು ಇಂಜಿನ್ ಅಲ್ಲ, ರೆಕ್ಕೆ.

ಕೊಡಗಿನಲ್ಲಿ ಕೂತು ಈ ವಿಷಯ ಯಾಕೆ ಅಂತ ಕೇಳಬಹುದು. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಬೇಕಾದರೆ ಮೈಸೂರಿಗೋ ಮಟ್ಟನ್ನೂರಿಗೋ ಹೋಗಬೇಕು. ಆದರೆ ಪೊನ್ನಂಪೇಟೆ ಕಡೆ ಗದ್ದೆ ಬಯಲಿನ ಮೇಲೆ ಪ್ರವಾಸಿಗರನ್ನು ಕೂರಿಸಿಕೊಂಡು ಹಾರುವ ಮೈಕ್ರೋಲೈಟ್ ನಮಗೆಲ್ಲ ಗೊತ್ತು. ಸೇನೆಗೆ, ವಾಯುಪಡೆಗೆ ಸೇರಬೇಕು ಅಂತ ಇರುವವರೂ ಇಲ್ಲಿ ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಇನ್ನು ಮೆಕ್ಯಾನಿಕಲ್‌ನವರಂತೂ ಪ್ರತಿ ವರ್ಷ ಒಂದಾದರೂ ಆರ್‌ಸಿ ವಿಮಾನದ ಪ್ರಾಜೆಕ್ಟ್ ಎತ್ತಿಕೊಳ್ಳುತ್ತಾರೆ; ಮೊದಲ ಹಾರಾಟದಲ್ಲೇ ಅದು ಒಂದು ರೆಕ್ಕೆ ಕೆಳಗೆ ಹಾಕಿ ನೆಲಕ್ಕೆ ಬೀಳುತ್ತದೆ. "ಸಿಗ್ನಲ್ ಹೋಯ್ತು" ಅಂತ ರಿಪೋರ್ಟಿನಲ್ಲಿ ಬರೆಯುತ್ತಾರೆ. ಎಷ್ಟೋ ಸಲ ಸಿಗ್ನಲ್ ಎಲ್ಲೂ ಹೋಗಿರುವುದಿಲ್ಲ.

ವೇಗವಲ್ಲ, ಕೋನ

ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಹಿಡಿದವರಿಗೆ ಲಿಫ್ಟ್ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಅಂಗೈಯ ಮುಂಭಾಗ ಸ್ವಲ್ಪ ಎತ್ತಿದರೆ ಕೈ ತಾನೇ ಮೇಲಕ್ಕೆ ಹೋಗುತ್ತದೆ. ಗಾಳಿ ಬರುವ ದಿಕ್ಕಿಗೂ ರೆಕ್ಕೆಗೂ ನಡುವಿನ ಈ ಕೋನಕ್ಕೆ ಇಂಗ್ಲಿಷಿನಲ್ಲಿ ಆಂಗಲ್ ಆಫ್ ಅಟ್ಯಾಕ್ ಅನ್ನುತ್ತಾರೆ. ಅದನ್ನು 'ದಾಳಿ ಕೋನ' ಅಂದರೆ ಯುದ್ಧದ ಮಾತಿನ ಹಾಗಿದೆ, ಹಾಗಾಗಿ ನಾವು ಈ ಲೇಖನದಲ್ಲಿ 'ಗಾಳಿಕೋನ' ಅನ್ನೋಣ. ಕೋನ ಹೆಚ್ಚಿಸುತ್ತ ಹೋದರೆ ಲಿಫ್ಟ್ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯ ಸಣ್ಣ ವಿಮಾನದ ರೆಕ್ಕೆಗೆ ಆ ಮಿತಿ ಸುಮಾರು 15-16 ಡಿಗ್ರಿ. ಅದನ್ನು ದಾಟಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಗಟ್ಟುತ್ತದೆ. ಲಿಫ್ಟ್ ಕುಸಿಯುತ್ತದೆ, ಡ್ರ್ಯಾಗ್ ಏರುತ್ತದೆ. ಸ್ಟಾಲ್ ಅಂದರೆ ಇಷ್ಟೇ.

ಮಳೆಗಾಲದಲ್ಲಿ ಸಂಪಾಜೆ ಘಾಟಿ ಇಳಿಯುವಾಗ ಜೀಪಿನ ಮುಂದಿನ ಚಕ್ರ ಜಾರಿದರೆ ಏನಾಗುತ್ತೆ? ಸ್ಟೇರಿಂಗ್ ಇನ್ನಷ್ಟು ತಿರುಗಿಸಿದರೆ ಜೀಪು ತಿರುಗುವುದಿಲ್ಲ, ಜಾರಾಟ ಜಾಸ್ತಿಯಾಗುತ್ತದೆ. ತಿರುಗಿಸಿದ್ದನ್ನು ಸ್ವಲ್ಪ ಸಡಿಲ ಮಾಡಿದಾಗಲೇ ಟೈರಿಗೆ ಹಿಡಿತ ವಾಪಸ್ ಸಿಗುವುದು. ರೆಕ್ಕೆಯೂ ಹಾಗೆಯೇ. ನೆಲ ಹತ್ತಿರ ಬರುತ್ತಿದೆ, ಮೂತಿ ಕೆಳಗೆ ಬೀಳುತ್ತಿದೆ ಅಂದಾಗ ಮನುಷ್ಯನ ಕೈ ಸಹಜವಾಗಿ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ಎಳೆದಷ್ಟೂ ಕೋನ ಹೆಚ್ಚು, ಸ್ಟಾಲ್ ಆಳ. ಬದುಕಿಸುವುದು ಸ್ಟಿಕ್ಕನ್ನು ಮುಂದಕ್ಕೆ ತಳ್ಳುವುದು, ಅಂದರೆ ಬೀಳುತ್ತಿರುವ ವಿಮಾನದ ಮೂತಿಯನ್ನು ಇನ್ನೂ ಕೆಳಗೆ ಮಾಡುವುದು. ಬುದ್ಧಿಗೆ ಇದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ, ಕೈಗೆ ಅರ್ಥವಾಗುವುದಕ್ಕೆ ತಿಂಗಳುಗಟ್ಟಲೆ ಬೇಕು.

ಹಾಗಾದರೆ ವಿಮಾನದ ಪುಸ್ತಕದಲ್ಲಿ 'ಸ್ಟಾಲ್ ವೇಗ' ಅಂತ ಒಂದು ಅಂಕಿ ಇರುತ್ತದಲ್ಲ, ಅದೇನು? ನೇರವಾಗಿ, ಮಟ್ಟಸವಾಗಿ, ಇಂತಿಷ್ಟು ತೂಕದಲ್ಲಿ ಹಾರುವಾಗ ಯಾವ ವೇಗದಲ್ಲಿ ಆ ಕೋನ ಮುಟ್ಟುತ್ತೇವೆ ಅನ್ನುವ ಲೆಕ್ಕ ಅದು. ಒಂದು ಸಲ ನಾವೇ ಹಾಕಿ ನೋಡೋಣ. ಬೆಂಗಳೂರಿನ ಎನ್‌ಎಎಲ್ ಮಾಡಿದ ಎರಡು ಸೀಟಿನ ಹಂಸ ವಿಮಾನದ ಅಳತೆಗೆ ಹತ್ತಿರದ ಒಂದು ವಿಮಾನ ತಗೊಳ್ಳಿ: ತೂಕ 750 ಕೆಜಿ, ರೆಕ್ಕೆಯ ವಿಸ್ತೀರ್ಣ 12.5 ಚದರ ಮೀಟರ್. ಲಿಫ್ಟ್ ಗುಣಾಂಕದ ಗರಿಷ್ಠ ಬೆಲೆ ಫ್ಲ್ಯಾಪ್ ಇಲ್ಲದೆ 1.4, ಫ್ಲ್ಯಾಪ್ ಇಳಿಸಿದಾಗ 1.9 ಅಂತ ಇಟ್ಟುಕೊಳ್ಳೋಣ. ಈ ಗುಣಾಂಕಗಳು ನಮ್ಮ ಅಂದಾಜು, ಹಂಸದ ಅಧಿಕೃತ ಅಂಕಿಗಳಲ್ಲ. ತೂಕ ಸಮ ಲಿಫ್ಟ್ ಅಂತ ಬರೆದು ವೇಗ ಹೊರತೆಗೆದರೆ ಫ್ಲ್ಯಾಪ್ ಇಲ್ಲದೆ ಸೆಕೆಂಡಿಗೆ 26.2 ಮೀಟರ್, ಅಂದರೆ ಸುಮಾರು 51 ನಾಟ್. ಫ್ಲ್ಯಾಪ್ ಇದ್ದರೆ 22.5 ಮೀಟರ್, ಸುಮಾರು 44 ನಾಟ್. ಅತಿ ಹಗುರ ವಿಮಾನಗಳಿಗೆ ಯುರೋಪಿನವರು ಮಾಡಿದ ವಿಎಲ್‌ಎ ನಿಯಮದಲ್ಲಿ ಇಳಿಯುವ ಸ್ಥಿತಿಯ ಸ್ಟಾಲ್ ವೇಗ 45 ನಾಟ್ ಮೀರಬಾರದು ಅಂತ ಇದೆ. ಹಂಸ-3ಕ್ಕೆ 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಕೊಟ್ಟಿದ್ದು ಇದೇ ವರ್ಗದಲ್ಲಿ. ನಮ್ಮ ಅಂದಾಜು ಲೆಕ್ಕ ಅದರ ಅಂಚಿಗೆ ಬಂದು ನಿಂತಿತಲ್ಲ, ಅದು ಕಾಕತಾಳೀಯವಲ್ಲ. ರೆಕ್ಕೆಯ ಗಾತ್ರವನ್ನು ತೀರ್ಮಾನಿಸುವುದೇ ಬಹುಮಟ್ಟಿಗೆ ಈ ನಿಯಮ.

ಮಿತಿ ಯಾಕೆ ಇಷ್ಟು ಕಡಿಮೆ? ಎಲ್ಲವೂ ಕೈತಪ್ಪಿ ಗದ್ದೆಯಲ್ಲೋ ತೋಟದಲ್ಲೋ ಇಳಿಯಬೇಕಾಗಿ ಬಂದರೆ ಎಷ್ಟು ಶಕ್ತಿ ಹೊತ್ತು ನೆಲ ಮುಟ್ಟುತ್ತೇವೆ ಅನ್ನುವುದು ವೇಗದ ವರ್ಗದ ಮೇಲೆ ನಿಂತಿದೆ. ಅಲ್ಲಿ ಐದು ನಾಟ್ ಕಡಿಮೆಯಾದರೂ ದೊಡ್ಡ ಲಾಭ.

ಬೆಟ್ಟದೂರಿನ ಲೆಕ್ಕ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಸೂತ್ರ ಹಾಕಿದರೆ ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 89ರಷ್ಟು. ಬೇಸಿಗೆ ಮಧ್ಯಾಹ್ನ 28 ಡಿಗ್ರಿ ಇದ್ದರೆ ಶೇ 83ಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಕ್‌ಪಿಟ್‌ನ ವೇಗಮಾಪಕ ಅಳೆಯುವುದು ಗಾಳಿಯ ಒತ್ತಡವನ್ನು, ನಿಜವಾದ ವೇಗವನ್ನಲ್ಲ. ಹಾಗಾಗಿ ಮೀಟರಿನ ಮೇಲೆ ಸ್ಟಾಲ್ ವೇಗ ಮಂಗಳೂರಿನಲ್ಲೂ ಮಡಿಕೇರಿಯಲ್ಲೂ ಒಂದೇ ಕಾಣುತ್ತದೆ. ಆದರೆ ವಿಮಾನ ನಿಜಕ್ಕೂ ಶೇ 9-10ರಷ್ಟು ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತದೆ.

ಇದರ ಪೆಟ್ಟು ಬೀಳುವುದು ತಿರುವಿನಲ್ಲಿ. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ಅನುಪಾತ. ಮೀಟರಿನಲ್ಲಿ 66 ನಾಟ್ ಇಟ್ಟುಕೊಂಡು 30 ಡಿಗ್ರಿ ವಾಲಿಸಿ ತಿರುಗಿದರೆ ಸಮುದ್ರಮಟ್ಟದಲ್ಲಿ ತ್ರಿಜ್ಯ ಸುಮಾರು 204 ಮೀಟರ್. ಅದೇ ತಿರುವು ಮಡಿಕೇರಿಯ ಆ ಬೇಸಿಗೆ ಮಧ್ಯಾಹ್ನ ಸುಮಾರು 245 ಮೀಟರ್. ಪೂರ್ತಿ ಹಿಂದೆ ತಿರುಗಿ ಬರಬೇಕಾದರೆ ಕಣಿವೆ 400 ಮೀಟರ್ ಅಗಲ ಇದ್ದರೆ ಸಾಲದು, 490 ಮೀಟರ್ ಬೇಕು. ಇಂಜಿನ್‌ನ ಶಕ್ತಿಯೂ ತೆಳು ಗಾಳಿಯಲ್ಲಿ ಕುಗ್ಗಿರುತ್ತದೆ. ಎದುರಿಗೆ ಬೆಟ್ಟ, ಜಾಗ ಕಡಿಮೆ, ವಾಲಿಕೆ ಇನ್ನಷ್ಟು ಹೆಚ್ಚಿಸೋಣ ಅನ್ನಿಸುತ್ತದೆ. ಅಪಾಯ ಶುರುವಾಗುವುದು ಅಲ್ಲೇ.

ವಾಲಿಸಿ ತಿರುಗುವಾಗ ರೆಕ್ಕೆ ವಿಮಾನದ ತೂಕ ಹೊರುವುದರ ಜೊತೆಗೆ ಅದನ್ನು ಪಕ್ಕಕ್ಕೂ ಎಳೆಯಬೇಕು. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ 1.19 ಪಟ್ಟು, 60 ಡಿಗ್ರಿಗೆ 1.41 ಪಟ್ಟು. ನಮ್ಮ ಲೆಕ್ಕದ ವಿಮಾನದಲ್ಲಿ 51 ನಾಟ್ ಇದ್ದದ್ದು 45 ಡಿಗ್ರಿಯಲ್ಲಿ 61 ಆಗುತ್ತದೆ, 60 ಡಿಗ್ರಿಯಲ್ಲಿ 72. ಇಳಿಯಲು ಬರುವಾಗ ವಾಡಿಕೆಯಾಗಿ ಸ್ಟಾಲ್ ವೇಗದ 1.3 ಪಟ್ಟು ಇಟ್ಟುಕೊಳ್ಳುತ್ತಾರೆ, ಇಲ್ಲಿ 66. ಅಂದರೆ ಸುಮಾರು 54 ಡಿಗ್ರಿ ವಾಲಿಕೆಯಲ್ಲಿ ಆ 30 ಪರ್ಸೆಂಟ್ ಮಾರ್ಜಿನ್ ಪೂರ್ತಿ ಖಾಲಿ. ಮೀಟರಿನ ಮುಳ್ಳು ಮಾತ್ರ ಮೊದಲಿದ್ದಲ್ಲೇ ಇರುತ್ತದೆ, ಏನೂ ಆಗಿಲ್ಲವೆಂಬಂತೆ.

ನಿಧಾನ ಹಾರಾಟದ ಇನ್ನೊಂದು ಮೋಸ ಪವರ್ ಕರ್ವ್‌ನದು. ವೇಗ ಕಡಿಮೆಯಾದರೆ ಡ್ರ್ಯಾಗ್ ಕಡಿಮೆ, ಪವರ್ ಸಾಕು ಅಂತ ಅಂದುಕೊಳ್ಳುತ್ತೇವೆ. ಒಂದು ವೇಗದಿಂದ ಕೆಳಗೆ ಇದು ಉಲ್ಟಾ. ಗಾಳಿಕೋನ ಹೆಚ್ಚಾದಂತೆ ಲಿಫ್ಟ್ ಹುಟ್ಟಿಸುವುದಕ್ಕೇ ತೆರುವ ಡ್ರ್ಯಾಗ್ ಏರುತ್ತದೆ. ನಿಧಾನವಾಗಿ ಹಾರಲು ಹೆಚ್ಚು ಪವರ್ ಬೇಕಾಗುತ್ತದೆ. ಗದ್ದೆಯ ಕೊನೆಯಲ್ಲಿ ಕಾಫಿ ತೋಟ, ಸಿಲ್ವರ್ ಓಕ್ ಮರಗಳ ಸಾಲು, ಆ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ಅದನ್ನು ದಾಟಬೇಕು ಅಂತ ಮೂತಿ ಎತ್ತಿದರೆ ವಿಮಾನ ಏರುವ ಬದಲು ಇನ್ನೂ ಬೇಗ ಕುಸಿಯುತ್ತದೆ. ಅಲ್ಲಿ ಎತ್ತರ ಕೊಡುವುದು ಥ್ರಾಟಲ್, ಸ್ಟಿಕ್ ಅಲ್ಲ. ತರಬೇತಿಯಲ್ಲಿ ಎತ್ತರದಲ್ಲಿ ಸ್ಟಾಲ್‌ನ ಅಂಚಿನಲ್ಲೇ ನಿಮಿಷಗಟ್ಟಲೆ ಹಾರಿಸುವುದು ಈ ಉಲ್ಟಾ ಲೋಕವನ್ನು ಕೈಗೆ ಪರಿಚಯ ಮಾಡಿಸುವುದಕ್ಕೆ. ಕಂಟ್ರೋಲ್‌ಗಳು ಸಡಿಲ ಅನ್ನಿಸುತ್ತವೆ, ಗಾಳಿಯ ಸದ್ದು ತಗ್ಗುತ್ತದೆ, ಪ್ರೊಪೆಲ್ಲರ್ ವಿಮಾನದ ಮೂತಿಯನ್ನು ಒಂದು ಕಡೆಗೆ ಎಳೆಯುತ್ತದೆ. ಇವೆಲ್ಲ ಗುರುತುಗಳು.

ಎರಡು ರೆಕ್ಕೆ ಒಟ್ಟಿಗೆ ಬಿಡದಿದ್ದರೆ

ಎರಡೂ ರೆಕ್ಕೆ ಒಟ್ಟಿಗೆ ಸ್ಟಾಲ್ ಆದರೆ ಮೂತಿ ಕೆಳಗೆ ಬೀಳುತ್ತದೆ, ತಳ್ಳಿದರೆ ಸರಿಹೋಗುತ್ತದೆ. ಒಂದು ಮೊದಲು ಬಿಟ್ಟರೆ? ಆ ಕಡೆ ರೆಕ್ಕೆ ಬೀಳುತ್ತದೆ, ಬೀಳುವಾಗ ಅದರ ಗಾಳಿಕೋನ ಇನ್ನೂ ಹೆಚ್ಚಾಗುತ್ತದೆ, ಇನ್ನೂ ಆಳವಾಗಿ ಸ್ಟಾಲ್ ಆಗುತ್ತದೆ. ಮೇಲೇಳುವ ರೆಕ್ಕೆಗೆ ಕೋನ ಕಡಿಮೆ, ಲಿಫ್ಟ್ ಉಳಿದಿರುತ್ತದೆ. ಈ ವ್ಯತ್ಯಾಸ ತನ್ನನ್ನು ತಾನೇ ಪೋಷಿಸಿಕೊಂಡು ವಿಮಾನ ಬುಗುರಿಯ ಹಾಗೆ ಸುತ್ತಿಕೊಂಡು ಇಳಿಯಲು ಶುರು ಮಾಡುತ್ತದೆ. ಇದೇ ಸ್ಪಿನ್.

ಇದು ಹೆಚ್ಚಾಗಿ ಪ್ರಾಣ ತೆಗೆಯುವುದು ರನ್‌ವೇಗೆ ಎದುರಾಗುವ ಕೊನೆಯ ತಿರುವಿನಲ್ಲಿ. ತಿರುವು ತಡವಾಯಿತು, ರನ್‌ವೇ ನೇರ ದಾಟಿ ಹೋಗುತ್ತಿದ್ದೇವೆ. ನೆಲ ಹತ್ತಿರ ಇರುವುದರಿಂದ ಜಾಸ್ತಿ ವಾಲಿಸಲು ಭಯ. ಹಾಗಾಗಿ ಕಾಲಿನಿಂದ ರಡ್ಡರ್ ಒತ್ತಿ ಮೂತಿಯನ್ನು ಎಳೆಯುತ್ತಾರೆ. ಒಳಗಿನ ರೆಕ್ಕೆ ನಿಧಾನವಾಗುತ್ತದೆ, ಇನ್ನಷ್ಟು ವಾಲುತ್ತದೆ. ಅದನ್ನು ತಡೆಯಲು ಏಲಿರಾನ್ ವಿರುದ್ಧ ಕೊಡುತ್ತಾರೆ. ಕೆಳಗಿನ ರೆಕ್ಕೆಯ ಏಲಿರಾನ್ ಕೆಳಗಿಳಿದರೆ ಅಲ್ಲಿನ ಕೋನ ಮತ್ತೂ ಹೆಚ್ಚು. ಜೊತೆಗೆ ಸ್ಟಿಕ್ ಹಿಂದಕ್ಕೆ. ಸ್ಪಿನ್‌ಗೆ ಹೋಗಲು ಏನೇನು ಮಾಡಬೇಕೋ ಅದನ್ನೆಲ್ಲ ಎಚ್ಚರಿಕೆಯಿಂದಲೇ ಮಾಡಿದ ಹಾಗಾಯಿತು. ಸಣ್ಣ ವಿಮಾನ ಒಂದು ಸುತ್ತು ಸ್ಪಿನ್ ಆಗಿ ಚೇತರಿಸಿಕೊಳ್ಳಲು ಸುಮಾರು 1000 ಅಡಿ ಬೇಕು. ಕೊನೆಯ ತಿರುವು ನಡೆಯುವುದು ಅದಕ್ಕಿಂತ ಎಷ್ಟೋ ಕೆಳಗೆ.

ಆದ್ದರಿಂದ ಸ್ಪಿನ್‌ನಿಂದ ಹೊರಬರುವ ಸಾಮರ್ಥ್ಯ ಒಂದು ಪ್ರಶ್ನೆ, ಸ್ಪಿನ್‌ಗೆ ಹೋಗದಿರುವ ಗುಣ ಇನ್ನೊಂದು ಪ್ರಶ್ನೆ. ತರಬೇತಿ ವಿಮಾನಕ್ಕೆ ಎರಡೂ ಬೇಕು. ಹೊರಬರುವುದು ಎಷ್ಟು ಕಷ್ಟದ ಇಂಜಿನಿಯರಿಂಗ್ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಎಚ್‌ಎಎಲ್‌ನ ಎಚ್‌ಜೆಟಿ-36 ಜೆಟ್ ತರಬೇತಿ ವಿಮಾನ. ಅದು ಹಗುರ ವಿಮಾನವಲ್ಲ, ಆದರೆ ಪಾಠ ಅದೇ. ಬೆಂಗಳೂರಿನಲ್ಲಿ 2003ರ ಮಾರ್ಚ್ 7ರಂದು ಮೊದಲ ಹಾರಾಟ. ಹಳೆಯ ಕಿರಣ್ ವಿಮಾನಗಳ ಜಾಗಕ್ಕೆ ಇದು ಬರಬೇಕಿತ್ತು. ಆದರೆ ಸ್ಟಾಲ್ ಮತ್ತು ಸ್ಪಿನ್ ವರ್ತನೆಯ ಸಮಸ್ಯೆಯಲ್ಲಿ ಯೋಜನೆ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ಲಂಬ ಬಾಲವನ್ನು ಹಿಂದಕ್ಕೆ ಸರಿಸಿ, ರಡ್ಡರನ್ನು ದೊಡ್ಡದು ಮಾಡಿ, ಪರೀಕ್ಷೆಗಾಗಿ ಸ್ಪಿನ್ ಪ್ಯಾರಾಚೂಟ್ ಕಟ್ಟಿ 2019ರ ಏಪ್ರಿಲ್ 17ರಂದು ಮತ್ತೆ ಹಾರಿಸಿದರು. ಎಡಕ್ಕೂ ಬಲಕ್ಕೂ ಆರು ಸುತ್ತಿನ ಸ್ಪಿನ್ ಮಾಡಿ ಹೊರಬರುವುದನ್ನು ತೋರಿಸಿದೆವು ಅಂತ ಎಚ್‌ಎಎಲ್ ಹೇಳಿದ್ದು 2022ರ ಜನವರಿಯಲ್ಲಿ. ಮೊದಲ ಹಾರಾಟದಿಂದ ಲೆಕ್ಕ ಹಾಕಿ: ಸುಮಾರು 19 ವರ್ಷ.

ಬಾಲ ಯಾಕೆ ಸರಿಸಬೇಕು? ಸ್ಪಿನ್‌ನಲ್ಲಿ ವಿಮಾನ ಬಹುಪಾಲು ಹೊಟ್ಟೆ ಅಡಿಯಾಗಿ ಬೀಳುತ್ತಿರುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಅಡ್ಡ ಬಾಲದ ಮೇಲೆ ಸುಳಿಗಾಳಿಯ ನೆರಳು ಬೀಳುತ್ತದೆ. ರಡ್ಡರ್ ಪೂರ್ತಿ ಆ ನೆರಳಿನಲ್ಲಿ ಮುಳುಗಿದ್ದರೆ ಪೈಲಟ್ ಎಷ್ಟು ಒತ್ತಿದರೂ ವ್ಯರ್ಥ. ಅಡ್ಡ ಬಾಲದ ಹಿಂದಿನ ಅಂಚಿನಿಂದ 30 ಡಿಗ್ರಿಗೆ, ಮುಂದಿನ ಅಂಚಿನಿಂದ 60 ಡಿಗ್ರಿಗೆ ಎರಡು ಗೆರೆ ಎಳೆದು, ನಡುವೆ ಸಿಕ್ಕಿದ್ದು ನೆರಳು, ಹೊರಗುಳಿದ ರಡ್ಡರ್ ಮಾತ್ರ ಕೆಲಸಕ್ಕೆ ಬರುತ್ತದೆ ಅಂತ ಹಳೆಯ ಡಿಸೈನ್ ಪುಸ್ತಕಗಳು ಹೇಳುತ್ತವೆ. ಪೂರ್ತಿ ಸತ್ಯವಲ್ಲದಿದ್ದರೂ ಮೊದಲ ಅಂದಾಜಿಗೆ ಒಳ್ಳೆಯದು. ನಿಮ್ಮ ಆರ್‌ಸಿ ವಿಮಾನದ ಡ್ರಾಯಿಂಗ್ ಮೇಲೆ ಈ ಎರಡು ಗೆರೆ ಎಳೆಯುವುದಕ್ಕೆ ಎರಡು ನಿಮಿಷ ಸಾಕು.

ರೆಕ್ಕೆಗೆ ಬುದ್ಧಿ ಹೇಳುವುದು

ಸ್ಪಿನ್‌ಗೆ ಹೋಗದಿರುವ ಗುಣ ಹೇಗೆ ತರುವುದು? ಮೂಲ ಉಪಾಯ ಒಂದೇ. ರೆಕ್ಕೆಯ ಬುಡ ಮೊದಲು ಸ್ಟಾಲ್ ಆಗಲಿ, ತುದಿ ಕೊನೆಗೆ. ಬುಡ ಬಿಟ್ಟಾಗ ಅದರ ಸುಳಿಗಾಳಿ ಬಾಲಕ್ಕೆ ಬಡಿದು ವಿಮಾನ ನಡುಗುತ್ತದೆ, ಎಚ್ಚರಿಕೆ ಸಿಗುತ್ತದೆ. ತುದಿಯಲ್ಲಿರುವ ಏಲಿರಾನ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಇದಕ್ಕೆ ಸುಲಭದ ದಾರಿ ರೆಕ್ಕೆಯನ್ನೇ ತಿರುಚುವುದು: ತುದಿಯ ಕೋನ ಬುಡಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ವಾಷ್‌ಔಟ್ ಅನ್ನುತ್ತಾರೆ. ಆಯತಾಕಾರದ ರೆಕ್ಕೆ ತಾನಾಗಿಯೇ ಬುಡದಿಂದ ಸ್ಟಾಲ್ ಆಗುತ್ತದೆ, ಅದಕ್ಕೇ ತರಬೇತಿ ವಿಮಾನಗಳು ನೋಡಲು ಹಲಗೆ ಹಾಗೆ ಇರುವುದು. ಚೂಪು ತುದಿಯ ರೆಕ್ಕೆ ಫೋಟೋದಲ್ಲಿ ಚೆಂದ, ಸ್ಟಾಲ್‌ನಲ್ಲಿ ಕೆಟ್ಟದ್ದು. ಕಾಲೇಜು ಪ್ರಾಜೆಕ್ಟುಗಳಲ್ಲಿ ಚೂಪು ರೆಕ್ಕೆಯ ಮೋಹ ಜಾಸ್ತಿ ಅನ್ನುವುದು ನಮ್ಮ ಅಭಿಪ್ರಾಯ.

ಕಟ್ಟಿ ಮುಗಿದ ವಿಮಾನಕ್ಕೂ ಮದ್ದು ಇದೆ. ಬುಡದ ಮುಂದಿನ ಅಂಚಿಗೆ ತ್ರಿಕೋನಾಕಾರದ ಸಣ್ಣ ಪಟ್ಟಿ ಅಂಟಿಸಿದರೆ ಅಲ್ಲಿ ಗಾಳಿ ಬೇಗ ಕೀಳುತ್ತದೆ. ಸ್ಟಾಲ್ ಎಲ್ಲಿ ಶುರುವಾಗಬೇಕು ಅನ್ನುವುದನ್ನು ನಾವೇ ನಿರ್ಧರಿಸಿದ ಹಾಗೆ. ತುದಿ ಕಡೆ ಬೆರಳುಗುರಿನಷ್ಟು ಫಲಕಗಳನ್ನು ಸಾಲಾಗಿ ಓರೆಯಾಗಿ ನಿಲ್ಲಿಸಿದರೆ ಸಣ್ಣ ಸುಳಿಗಳು ಹುಟ್ಟಿ ಮೇಲಿನ ವೇಗದ ಗಾಳಿಯನ್ನು ಮೇಲ್ಮೈಗೆ ತಂದು ಅಂಟಿಸುತ್ತವೆ. ನಾಸಾದ ಲ್ಯಾಂಗ್ಲಿ ಕೇಂದ್ರದವರು 1970ರ ದಶಕದ ಕೊನೆಯಿಂದ ಇನ್ನೊಂದು ದಾರಿ ಪರೀಕ್ಷಿಸಿದರು. ರೆಕ್ಕೆಯ ಹೊರಭಾಗದ ಮುಂದಿನ ಅಂಚನ್ನು ಮಾತ್ರ ಸ್ವಲ್ಪ ಮುಂದಕ್ಕೆ ಚಾಚಿ ಕೆಳಗೆ ಬಾಗಿಸುವುದು. ಒಳಭಾಗಕ್ಕೂ ಹೊರಭಾಗಕ್ಕೂ ನಡುವೆ ಒಂದು ಮೆಟ್ಟಿಲು ಉಳಿಯುತ್ತದೆ, ಅಲ್ಲಿ ಹುಟ್ಟುವ ಸುಳಿ ಬೇಲಿಯ ಹಾಗೆ ನಿಂತು ಬುಡದ ಸ್ಟಾಲ್ ತುದಿಗೆ ಹಬ್ಬದಂತೆ ತಡೆಯುತ್ತದೆ. ಸಿರಸ್ ಎಸ್‌ಆರ್20 ವಿಮಾನದ ರೆಕ್ಕೆಯಲ್ಲಿ ಈ ಮೆಟ್ಟಿಲು ಬರಿಗಣ್ಣಿಗೆ ಕಾಣುತ್ತದೆ.

ಯಾವ ಮದ್ದೂ ಪುಕ್ಕಟೆಯಲ್ಲ. ಫ್ರೆಡ್ ವೀಕ್ ಅನ್ನುವ ಅಮೆರಿಕದ ಇಂಜಿನಿಯರ್ ರೂಪಿಸಿದ ಎರ್ಕೂಪ್ ವಿಮಾನದಲ್ಲಿ ಎಲಿವೇಟರ್ ಮೇಲಕ್ಕೆ 13 ಡಿಗ್ರಿಗಿಂತ ಹೆಚ್ಚು ಹೋಗುತ್ತಲೇ ಇರಲಿಲ್ಲ. ಎಷ್ಟು ಎಳೆದರೂ ಪೂರ್ತಿ ಸ್ಟಾಲ್ ಆಗದು, ಸ್ಪಿನ್ ಆಗದು. ಆದರೂ ನಿಧಾನವಾಗಿ ಬಂದು ಎಳೆದೇ ಇದ್ದರೆ ಅದು ಕಲ್ಲಿನ ಹಾಗೆ ಕುಸಿಯಬಲ್ಲದು, ನೆಲದ ಹತ್ತಿರ ಅದೂ ಅಪಾಯವೇ.

ಮಳೆಯ ವಿಷಯ ಹೇಳದೆ ಕೊಡಗಿನಲ್ಲಿ ಲೇಖನ ಮುಗಿಸುವುದು ಹೇಗೆ? ನುಣುಪಾದ ಕಾಂಪೋಸಿಟ್ ರೆಕ್ಕೆಗಳಲ್ಲಿ ಗಾಳಿ ಪದರ ಪದರವಾಗಿ ಹರಿಯಲಿ ಅಂತ ಆಕಾರ ಮಾಡಿರುತ್ತಾರೆ. ಅಮೆರಿಕದ ಬರ್ಟ್ ರೂಟಾನ್ ರೂಪಿಸಿದ ವೇರಿಈಜಿ, ಲಾಂಗ್-ಈಜಿ ವಿಮಾನಗಳಲ್ಲಿ ಮುಂದೆ ಒಂದು ಸಣ್ಣ ರೆಕ್ಕೆ ಇತ್ತು. ಅದರ ಮೇಲೆ ಮಳೆಹನಿ ಕೂತರೆ ಲಿಫ್ಟ್ ತಗ್ಗಿ ಮೂತಿ ಕೆಳಗೆ ಹೋಗುತ್ತಿತ್ತು. ಆಮೇಲೆ ಆ ರೆಕ್ಕೆಗೆ ಮಳೆ ತಡೆಯುವ ಬೇರೆ ಆಕಾರವನ್ನೇ ಮಾಡಬೇಕಾಯಿತು. ಮಳೆಹನಿ ಮಾತ್ರವಲ್ಲ, ಅಂಟಿಕೊಂಡು ಸತ್ತ ಹುಳುಗಳೂ ಇದೇ ಕೆಲಸ ಮಾಡುತ್ತವೆ. ರೆಕ್ಕೆ ಒರೆಸುವುದು ಬರೀ ಅಂದಕ್ಕಲ್ಲ.

ಹಾರ್ಮೋನಿಯಂ ಮತ್ತು ಸ್ಟಿಕ್ ಶೇಕರ್

ರೆಕ್ಕೆ ಎಷ್ಟೇ ಒಳ್ಳೆಯದಿರಲಿ, ಪೈಲಟ್‌ಗೆ ಮುಂಚೆಯೇ ಗೊತ್ತಾಗಬೇಕು. ವಿಎಲ್‌ಎ ನಿಯಮದ ಪ್ರಕಾರ ಎಚ್ಚರಿಕೆ ಸ್ಟಾಲ್ ವೇಗಕ್ಕಿಂತ ಕನಿಷ್ಠ 5 ನಾಟ್ ಮೇಲೆ ಶುರುವಾಗಬೇಕು, 10 ನಾಟ್ ಮೀರಬಾರದು. ಮೇಲಿನ ಮಿತಿ ಯಾಕೆ ಅಂದರೆ, ಸದಾ ಕೂಗುವ ಅಲಾರಂ ಯಾರೂ ಕೇಳುವುದಿಲ್ಲ. ಹಾಸ್ಟೆಲಿನಲ್ಲಿ ಇದಕ್ಕೆ ಪುರಾವೆ ಬೇಕಿಲ್ಲ.

ನಮಗೆ ತುಂಬ ಇಷ್ಟವಾದ ಸಾಧನ ಸೆಸ್ನಾ 152, 172ರ ಎಡ ರೆಕ್ಕೆಯಲ್ಲಿದೆ. ಮುಂದಿನ ಅಂಚಿನಲ್ಲಿ ಒಂದು ಸಣ್ಣ ತೂತು, ಅಲ್ಲಿಂದ ಒಂದು ಕೊಳವೆ, ಅದರ ಇನ್ನೊಂದು ತುದಿಯಲ್ಲಿ ಹಾರ್ಮೋನಿಯಂನಲ್ಲಿ ಇರುವಂಥ ಒಂದು ರೀಡ್. ಸಾಮಾನ್ಯ ಹಾರಾಟದಲ್ಲಿ ಗಾಳಿ ನೇರ ಆ ತೂತಿನ ಬಳಿ ಬಡಿಯುತ್ತದೆ, ಒತ್ತಡ ಹೆಚ್ಚು, ರೀಡ್ ಸುಮ್ಮನಿರುತ್ತದೆ. ಗಾಳಿಕೋನ ಹೆಚ್ಚಾದಾಗ ಗಾಳಿ ಬಡಿಯುವ ಬಿಂದು ರೆಕ್ಕೆಯ ಅಡಿಗೆ ಸರಿಯುತ್ತದೆ, ತೂತು ಒತ್ತಡ ಕಡಿಮೆಯ ಜಾಗಕ್ಕೆ ಬೀಳುತ್ತದೆ, ಕೊಳವೆಯ ಗಾಳಿ ಹೊರಕ್ಕೆ ಸೆಳೆದು ರೀಡ್ ಕೂಗುತ್ತದೆ. ಬ್ಯಾಟರಿ ಇಲ್ಲ, ವೈರ್ ಇಲ್ಲ, ಕೋಡ್ ಇಲ್ಲ. ಹಾರುವ ಮೊದಲು ಪರೀಕ್ಷಿಸಲು ಕರವಸ್ತ್ರ ಅಡ್ಡ ಇಟ್ಟು ಬಾಯಿಂದ ಗಾಳಿ ಎಳೆಯುತ್ತಾರೆ, ಕೂಗಿದರೆ ಸರಿ. ಅದು ಅಳೆಯುವುದು ವೇಗವನ್ನಲ್ಲ, ಕೋನವನ್ನು. ಹಾಗಾಗಿ 54 ಡಿಗ್ರಿಯ ಆ ತಿರುವಿನಲ್ಲಿ ಮೀಟರ್ ಹೇಳದ ಸತ್ಯವನ್ನು ಅದು ಹೇಳುತ್ತದೆ.

ದೊಡ್ಡ ವಿಮಾನಗಳಲ್ಲಿ ಸ್ಟಿಕ್ಕನ್ನೇ ನಡುಗಿಸುವ ಶೇಕರ್ ಇರುತ್ತದೆ. ಇಲ್ಲಿ ನಮ್ಮೂರಿನ ಒಂದು ಹೆಸರು ನೆನಪಾಗದೆ ಇರದು. ಮಡಿಕೇರಿಯಲ್ಲಿ ಯಾರ ಹೆಸರಿನ ವೃತ್ತವಿದೆಯೋ ಆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯ ದಿನ ಮಿಸ್ಟೇರ್ ವಿಮಾನದಲ್ಲಿ ಎದುರಿಸಿದ್ದು ಎಫ್-104 ಸ್ಟಾರ್‌ಫೈಟರನ್ನು. ಅವರು ಬದುಕಿ ಬರಲಿಲ್ಲ. ಮಹಾವೀರ ಚಕ್ರ 1988ರಲ್ಲಿ ಬಂತು. ಆ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗಕ್ಕೆಂದು ಮಾಡಿದ ವಿಮಾನ. ರೆಕ್ಕೆ ಬಹಳ ಚಿಕ್ಕದು, ಬಹಳ ತೆಳು, ಬಾಲ ಎತ್ತರದಲ್ಲಿ. ಗಾಳಿಕೋನ ಮಿತಿ ಮೀರಿದರೆ ರೆಕ್ಕೆಯ ಸುಳಿಗಾಳಿ ಬಾಲಕ್ಕೆ ಬಡಿದು ಮೂತಿ ತಾನೇ ಮೇಲಕ್ಕೆ ಎಗರುತ್ತಿತ್ತು. ಅದಕ್ಕೆ ಶೇಕರ್ ಸಾಲದೆ, ಸ್ಟಿಕ್ಕನ್ನು ಬಲವಂತವಾಗಿ ಮುಂದಕ್ಕೆ ಒದೆಯುವ ಯಂತ್ರವನ್ನೂ ಇಟ್ಟಿದ್ದರು. ದೇವಯ್ಯನವರು ಅದಕ್ಕೂ ಮೊದಲು ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದವರು. ಹೊಸಬರಿಗೆ ಸ್ಟಾಲ್, ಸ್ಪಿನ್ ಹೇಳಿಕೊಡುವುದು ಆ ಕೆಲಸದ ಭಾಗ.

ಶೇಕರ್ ಇದ್ದರೂ ಕೈ ಎಳೆದರೆ? 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ 3407 ವಿಮಾನದಲ್ಲಿ ಅದೇ ಆಯಿತು. ಶೇಕರ್ ನಡುಗಿತು, ಕ್ಯಾಪ್ಟನ್ ಎಳೆದರು, ವಿಮಾನದಲ್ಲಿದ್ದ 49 ಜನ, ನೆಲದ ಮೇಲಿದ್ದ ಒಬ್ಬರು ಸತ್ತರು. ಆಮೇಲೆ ತರಬೇತಿಯೇ ಬದಲಾಯಿತು. ಮೊದಲೆಲ್ಲ ಎತ್ತರ ಕಳೆದುಕೊಳ್ಳದೆ ಸ್ಟಾಲ್‌ನಿಂದ ಹೊರಬಂದವರಿಗೆ ಶಹಬ್ಬಾಸ್ ಸಿಗುತ್ತಿತ್ತು. ಈಗ ಮೊದಲು ಕೋನ ಇಳಿಸು, ಎತ್ತರ ಹೋದರೆ ಹೋಗಲಿ ಅಂತ ಹೇಳಿಕೊಡುತ್ತಾರೆ. ತಳ್ಳು, ರೆಕ್ಕೆ ಸಮ ಮಾಡು, ಪವರ್ ಕೊಡು, ಈ ಕ್ರಮದಲ್ಲಿ. ಸ್ಪಿನ್ ಆಗಿಬಿಟ್ಟಿದ್ದರೆ ಸಾಮಾನ್ಯವಾಗಿ ಥ್ರಾಟಲ್ ಪೂರ್ತಿ ಕಡಿಮೆ, ಏಲಿರಾನ್ ನಡುವಿಗೆ, ಸುತ್ತುವ ದಿಕ್ಕಿಗೆ ವಿರುದ್ಧ ಪೂರ್ತಿ ರಡ್ಡರ್, ಆಮೇಲೆ ಸ್ಟಿಕ್ ಮುಂದಕ್ಕೆ. ಪ್ರತಿ ವಿಮಾನದ ಕೈಪಿಡಿಯಲ್ಲಿ ಇದು ಸ್ವಲ್ಪ ಸ್ವಲ್ಪ ಬೇರೆ, ಕೈಪಿಡಿಯದ್ದೇ ಕೊನೆಯ ಮಾತು.

ಎತ್ತರವೇ ಬಂಡವಾಳ ಅನ್ನುವುದನ್ನು ಪರೀಕ್ಷಾ ಹಾರಾಟದವರು ಚೆನ್ನಾಗಿ ಬಲ್ಲರು. ಹಂಸದ ಹೊಸ ಆವೃತ್ತಿ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿತು. ಹಾರಾಟದಲ್ಲೇ ಇಂಜಿನ್ ನಿಲ್ಲಿಸಿ ಮತ್ತೆ ಹಚ್ಚುವ ಪರೀಕ್ಷೆಯನ್ನು 2022ರ ಮೇನಲ್ಲಿ ಚಳ್ಳಕೆರೆಯ ಡಿಆರ್‌ಡಿಒ ಕೇಂದ್ರದಲ್ಲಿ ಮಾಡಿದರು: 7000ದಿಂದ 8000 ಅಡಿ ಎತ್ತರ, 60ರಿಂದ 70 ನಾಟ್ ವೇಗ. ನಮ್ಮ ಲೆಕ್ಕದ ಪಕ್ಕದಲ್ಲಿ ಈ ವೇಗ ಇಟ್ಟು ನೋಡಿ, ಸ್ಟಾಲ್‌ಗೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ. ಇಂಥದೇ ಇಂಜಿನ್ ಪರೀಕ್ಷೆಯ ಹೊತ್ತಿನಲ್ಲಿ 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಎನ್‌ಎಎಲ್‌ನ ಸರಸ್ ವಿಮಾನ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡಿದ್ದರು.

ಲ್ಯಾಬಿನಲ್ಲಿ ಏನು ಮಾಡಬಹುದು

ವಿಂಡ್ ಟನೆಲ್ ಇಲ್ಲ ಅಂತ ಕೂರಬೇಕಿಲ್ಲ. 1.2 ಮೀಟರ್ ಅಗಲದ ಫೋಮ್ ಗ್ಲೈಡರ್ ಮಾಡಿ. ರೆಕ್ಕೆಯ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಉಲ್ಲನ್ ದಾರದ ತುಂಡುಗಳನ್ನು ಸೆಲ್ಲೋಟೇಪಿನಿಂದ ಸಾಲಾಗಿ ಅಂಟಿಸಿ, ಬಾಲದ ಮೇಲೆ ಸಣ್ಣ ಕ್ಯಾಮೆರಾ ಇಡಿ. ಗಾಳಿ ಅಂಟಿಕೊಂಡಿರುವಲ್ಲಿ ದಾರ ನೇರ ಮಲಗಿರುತ್ತದೆ, ಸ್ಟಾಲ್ ಆದಲ್ಲಿ ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಮೊದಲು ತಿರುಚಿಲ್ಲದ ರೆಕ್ಕೆ, ಆಮೇಲೆ 3 ಡಿಗ್ರಿ ವಾಷ್‌ಔಟ್, ಆಮೇಲೆ ಬುಡಕ್ಕೆ ತ್ರಿಕೋನ ಪಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಡ ಬಲ ರೆಕ್ಕೆಗಳ ಕೋನ ಒಂದೇ ಇದೆಯಾ ಅಂತ ಪ್ರತಿ ಸಲ ಅಳೆಯಿರಿ. ಒಂದು ಡಿಗ್ರಿ ವ್ಯತ್ಯಾಸ ಇದ್ದರೂ ರೆಕ್ಕೆ ಬೀಳುವುದಕ್ಕೆ ಸಾಕು. ತೂಕದ ಕೇಂದ್ರವನ್ನು 5 ಮಿಲಿಮೀಟರ್‌ನಂತೆ ಹಿಂದಕ್ಕೆ ಸರಿಸುತ್ತ ಹೋದರೆ, ಸೌಮ್ಯವಾಗಿದ್ದ ಅದೇ ಗ್ಲೈಡರ್ ಹೇಗೆ ಕೆರಳುತ್ತದೆ ಅನ್ನುವುದೂ ಕಾಣುತ್ತದೆ.

ಒಂದು ಎಚ್ಚರ. 20 ಸೆಂಟಿಮೀಟರ್ ಅಗಲದ ಪಟ್ಟಿಯಂಥ ರೆಕ್ಕೆ ಸೆಕೆಂಡಿಗೆ 10 ಮೀಟರ್ ಹೋದರೆ ರೆನಾಲ್ಡ್ಸ್ ಸಂಖ್ಯೆ ಸುಮಾರು 1.3 ಲಕ್ಷ. ನಿಜವಾದ ಎರಡು ಸೀಟಿನ ವಿಮಾನದ್ದು 20 ಲಕ್ಷದ ಮೇಲೆ. ಮಾದರಿ ಬೇಗ ಸ್ಟಾಲ್ ಆಗುತ್ತದೆ, ಒರಟಾಗಿ ಆಗುತ್ತದೆ. ಹಾಗಾಗಿ ಅಂಕಿಗಳನ್ನು ನಂಬಬೇಡಿ, ಸ್ಟಾಲ್ ಯಾವ ಕಡೆಯಿಂದ ಯಾವ ಕಡೆಗೆ ಹಬ್ಬುತ್ತದೆ ಅನ್ನುವುದನ್ನು ನೋಡಿ.

ಎಲೆಕ್ಟ್ರಾನಿಕ್ಸ್‌ನವರಿಗೂ ಕೆಲಸ ಇದೆ. ಸಣ್ಣ ವಿಮಾನಗಳಿಗೆ ಗಾಳಿಕೋನದ ಮೀಟರ್ ಹಾಕಿಸಿಕೊಳ್ಳುವುದನ್ನು ಅಮೆರಿಕದ ಎಫ್‌ಎಎ 2014ರಲ್ಲಿ ಸುಲಭ ಮಾಡಿತು. ಅದರ ತತ್ವ ಸರಳ. ಗುಂಡು ತುದಿಯ ಕೋಲಿನಲ್ಲಿ ಮೇಲೆ ಒಂದು ತೂತು, ಕೆಳಗೆ ಒಂದು ತೂತು. ಎರಡರ ಒತ್ತಡದ ವ್ಯತ್ಯಾಸವನ್ನು ಮುಂದಿನ ತೂತಿನ ಒತ್ತಡದಿಂದ ಭಾಗಿಸಿದರೆ ವೇಗ ಹಾರಿಹೋಗಿ ಕೋನ ಮಾತ್ರ ಉಳಿಯುತ್ತದೆ. ಎರಡು ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್, ಒಂದು ಮೈಕ್ರೋಕಂಟ್ರೋಲರ್, ಮೂರು ಎಲ್‌ಇಡಿ. ಕಷ್ಟ ಇರುವುದು ಅದನ್ನು ರೆಕ್ಕೆಯ ಯಾವ ಜಾಗದಲ್ಲಿ ಕೂರಿಸಬೇಕು, ಮಳೆನೀರು ತೂತಿಗೆ ಹೋದರೆ ಏನು ಮಾಡಬೇಕು ಅನ್ನುವುದರಲ್ಲಿ. ಕಕ್ಕಡ ತಿಂಗಳಲ್ಲಿ ಎರಡನೆಯದನ್ನು ಪರೀಕ್ಷಿಸಲು ಕಾಲೇಜಿನ ಟೆರೇಸ್ ಸಾಕು.